ಬಾದಲೋನಾ ಬೆಳೆಸಿದ ಹುಡುಗ್ರನ್ನ ಯಾವಾಗ್ಲೂ ಬೇರೆಯವ್ರೇ ಕರ್ಕೊಂಡು ಹೋದ್ರು, ಈಗ ದುಡ್ಡೂ ಕೊಡ್ತಿಲ್ಲ

2025ರ ಜುಲೈನಲ್ಲಿ ಸ್ಪೇನಿನ ಬ್ಯಾಸ್ಕೆಟ್‌ಬಾಲ್ ಆಟಗಾರ ರಿಕಿ ರೂಬಿಯೋ ವಾಪಸ್ ಬಾದಲೋನಾಗೆ ಬರ್ತಾನೆ ಅಂತ ಸುದ್ದಿ ಬಂತಲ್ಲ, ಅವತ್ತು ನಾನು ಎಷ್ಟು ಹೊತ್ತು ಫೋನ್ ಹಿಡ್ಕೊಂಡು ಕೂತಿದ್ದೆ ಅಂತ ನೆನಪಿಲ್ಲ. 2009ರಲ್ಲಿ ಬಿಟ್ಟು ಹೋದ ಹುಡುಗ, ಹದಿನಾರು ವರ್ಷ ಆದ್ಮೇಲೆ, ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಮುಗಿಸ್ಕೊಂಡು, 2019ರ ವರ್ಲ್ಡ್ ಕಪ್ಪಲ್ಲಿ ಎಂವಿಪಿ, ಅಂದ್ರೆ ಟೂರ್ನಿಯ ಅತ್ಯುತ್ತಮ ಆಟಗಾರ ಆಗಿ, ಮಧ್ಯದಲ್ಲಿ ಮನಸ್ಸಿನ ಆರೋಗ್ಯಕ್ಕೋಸ್ಕರ ಆಟಾನೇ ನಿಲ್ಲಿಸಿ, ಕೊನೆಗೆ ತಾನು ಶುರು ಮಾಡಿದ ಜಾಗಕ್ಕೇ ಬಂದ. ಸುದ್ದಿ ಓದಿದವ್ರೆಲ್ಲ ಇದನ್ನ ಒಂದು ಭಾವುಕ ಕತೆ ಥರ ನೋಡಿದ್ರು, ಅದು ಭಾವುಕ ಕತೆ ಹೌದು ಕೂಡ. ಆದ್ರೆ ಅದೇ ಬೇಸಿಗೆಯಲ್ಲಿ ಸ್ಪೇನಿನ ಕ್ಲಬ್‌ಗಳಿಂದ ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗ್ರು ಒಬ್ಬರ ಹಿಂದೆ ಒಬ್ಬರು ಅಮೆರಿಕದ ಕಾಲೇಜುಗಳಿಗೆ ಹೊರಟಿದ್ರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಮಾತ್ರ ಜುವೆಂತುತ್ ಬಾದಲೋನಾ ಅನ್ನೋ ಕ್ಲಬ್‌ನ ಇವತ್ತಿನ ಕಷ್ಟ ಏನು ಅಂತ ಗೊತ್ತಾಗೋದು, ಮತ್ತೆ ಅದು ಗೊತ್ತಾಗ್ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಲೇಬೇಕು.

ಬಾದಲೋನಾ ಅಂದ್ರೆ ಬಾರ್ಸಿಲೋನಾಗೆ ಅಂಟ್ಕೊಂಡೇ ಇರೋ ಊರು, ಮಧ್ಯ ಬೆಸೋಸ್ ನದಿ ಒಂದು ದಾಟಿದ್ರೆ ಆಯ್ತು, ಪಕ್ಕದಲ್ಲೇ ಸಮುದ್ರ, ಮೊದಲು ಫ್ಯಾಕ್ಟರಿ ಕೆಲಸಗಾರರ ಊರು. ಬೇರೆ ಕಡೆ ಮಕ್ಕಳು ಫುಟ್‌ಬಾಲ್ ಹಿಡ್ಕೊಂಡು ಬೀದಿಗೆ ಬರ್ತಾರೆ, ಇಲ್ಲಿ ಬ್ಯಾಸ್ಕೆಟ್‌ಬಾಲ್. ಒಂದೇ ಊರಲ್ಲಿ ಎಷ್ಟೊಂದು ಕ್ಲಬ್‌ಗಳು ಅಂದ್ರೆ, ಸಿರ್ಕೋಲ್ ಕತೋಲಿಕ್ ಅಂತ ಇನ್ನೊಂದು ಕ್ಲಬ್ ಕೂಡ ಒಂದು ಕಾಲದಲ್ಲಿ ಕೊತೊನಿಫಿಸಿಯೋ ಅನ್ನೋ ಹೆಸ್ರಲ್ಲಿ ಮೇಲಿನ ಡಿವಿಜನ್‌ನಲ್ಲೇ ಆಡ್ತಿತ್ತು, ಅಂದ್ರೆ ಒಂದೇ ಊರಿನ ಎರಡು ಟೀಮು ದೇಶದ ದೊಡ್ಡ ಲೀಗಲ್ಲಿ. ಆಯಿತೋ ಗಾರ್ಸಿಯಾ ರೆನೆಸೆಸ್ ಅನ್ನೋ ಕೋಚ್ ಹೆಸರು ಮಾಡಿದ್ದು ಆ ಇನ್ನೊಂದು ಟೀಮಲ್ಲೇ, ಅವರ ಹೆಸರು ಮುಂದೆ ಮತ್ತೆ ಬರುತ್ತೆ.

1930ರಲ್ಲಿ ಒಂದಷ್ಟು ಹುಡುಗ್ರು ಸೇರ್ಕೊಂಡು ಒಂದು ಗೆಳೆಯರ ಬಳಗ ಕಟ್ಟಿದ್ರು. ಮೂರು ವರ್ಷ ಹಿಂದೆ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿ ಹಾರಿದ್ದನಲ್ಲ, ಆ ವಿಮಾನದ ಹೆಸರು ಸ್ಪಿರಿಟ್ ಆಫ್ ಸೇಂಟ್ ಲೂಯಿಸ್, ಇವ್ರು ತಮ್ಮ ಬಳಗಕ್ಕೆ ಪೆನ್ಯಾ ಸ್ಪಿರಿಟ್ ಆಫ್ ಬಾದಲೋನಾ ಅಂತ ಹೆಸರಿಟ್ರು. ಪೆನ್ಯಾ ಅಂದ್ರೆ ಬಳಗ, ಸಂಘ ಅಂತಾನೇ ಅರ್ಥ. ಆ ಹೆಸರು ಹೋಗಿ ಎಷ್ಟೋ ಕಾಲ ಆಯ್ತು, ಸಿವಿಲ್ ವಾರ್ ಆದ್ಮೇಲೆ ಕ್ಲಬ್ ಜುವೆಂತುತ್ ಅಂತ ಬೇರೆ ಹೆಸರು ತಗೊಳ್ತು, ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಆ ಹೆಸರನ್ನೂ ಊರಿನ ಭಾಷೆ ಕತಲಾನ್‌ನಲ್ಲಿ ಬರೆಯೋ ಹಾಗಿರ್ಲಿಲ್ಲ, ಸ್ಪ್ಯಾನಿಷ್‌ನಲ್ಲೇ ಇರ್ಬೇಕಿತ್ತು, ಆದ್ರೂ ಊರಿನವ್ರ ಬಾಯಲ್ಲಿ ಇವತ್ತಿಗೂ ಅದು ಲಾ ಪೆನ್ಯಾ. ಜುವೆಂತುತ್ ಅಂದ್ರೆ ಯೌವನ. ಹೆಸರಿಗೆ ತಕ್ಕ ಹಾಗೇ ಈ ಕ್ಲಬ್ ಬದುಕಿದ್ದು.

1957ರಲ್ಲಿ ಸ್ಪೇನಿನ ಲೀಗ್ ಶುರುವಾದಾಗ ಇದ್ದಿದ್ದು ಆರೇ ಟೀಮು, ಅದ್ರಲ್ಲಿ ಪೆನ್ಯಾ ಒಂದು. ಅವತ್ತಿಂದ ಇವತ್ತಿನ ತನಕ ಒಂದು ಸೀಸನ್ ಕೂಡ ತಪ್ಪದೆ ಮೇಲಿನ ಡಿವಿಜನ್‌ನಲ್ಲಿ ಆಡಿರೋದು ಎರಡೇ ಕ್ಲಬ್, ಒಂದು ರಿಯಲ್ ಮ್ಯಾಡ್ರಿಡ್, ಇನ್ನೊಂದು ಇದು. 2021ರ ತನಕ ಮ್ಯಾಡ್ರಿಡ್‌ನ ಎಸ್ತುದಿಯಾಂತೆಸ್ ಕೂಡ ಈ ಸಾಲಲ್ಲಿತ್ತು, ಒಂದು ಸ್ಕೂಲಿನ ಹುಡುಗ್ರು ಕಟ್ಟಿದ ಕ್ಲಬ್ ಅದು, ಆ ವರ್ಷ ಕೆಳಗಿಳೀತು, ಆಮೇಲೆ ವರ್ಷಗಟ್ಟಲೆ ಎರಡನೇ ಡಿವಿಜನ್‌ನಲ್ಲೇ ಒದ್ದಾಡ್ತು. ಬಾರ್ಸಿಲೋನಾ ಕೂಡ ಅರವತ್ತರ ದಶಕದಲ್ಲಿ ಒಮ್ಮೆ ಕೆಳಗೆ ಬಿದ್ದು ಬಂದಿದೆ. ಹಿಂದೆ ಫುಟ್‌ಬಾಲ್ ಕ್ಲಬ್‌ನ ಖಜಾನೆ ಇಲ್ದೆ, ಬರೀ ಬ್ಯಾಸ್ಕೆಟ್‌ಬಾಲ್ ನಂಬ್ಕೊಂಡಿರೋ ಒಂದು ಊರಿನ ಟೀಮು ಇಷ್ಟು ವರ್ಷ ತಳ ಊರಿ ನಿಂತಿದೆ ಅಂದ್ರೆ ಅದು ಸಣ್ಣ ಮಾತಲ್ಲ.

ಲೀಗ್ ಗೆದ್ದಿದ್ದು ನಾಲ್ಕು ಸಲ: 1967, 1978, 1991, 1992. ಮೊದಲನೇದು ನಿನೋ ಬುಸ್ಕತೋ ಕಾಲ, ಎರಡನೇದು ಮರ್ಗಾಯ್ ಥರದ ಶೂಟರ್‌ಗಳ ಕಾಲ, ಕೊನೇ ಎರಡು ವಿಲ್ಯಾಕಂಪಾ ಮತ್ತೆ ಜೊಫ್ರೇಸಾ ಅಣ್ಣತಮ್ಮಂದಿರ ಕಾಲ. ಜೋರ್ದಿ ವಿಲ್ಯಾಕಂಪಾ ಹದಿನೇಳು ವರ್ಷ ಬೇರೆ ಯಾವ ಟೀಮಿಗೂ ಆಡದೆ ಇಲ್ಲೇ ಆಡಿ, ಆಮೇಲೆ 1999ರಿಂದ 2017ರ ತನಕ ಇದೇ ಕ್ಲಬ್‌ಗೆ ಅಧ್ಯಕ್ಷನೂ ಆದ. ಇಂಥ ಆಟಗಾರ ಈಗ ಇನ್ನೊಬ್ಬ ಬರೋದು ಕಷ್ಟ, ಯಾಕೆ ಅಂತ ಮುಂದೆ ಹೇಳ್ತೀನಿ.

1992ರ ಏಪ್ರಿಲ್, ಇಸ್ತಾನ್‌ಬುಲ್, ಯೂರೋಪಿಯನ್ ಕಪ್ ಫೈನಲ್. ಎದುರಿಗೆ ಬೆಲ್‌ಗ್ರೇಡ್‌ನ ಪಾರ್ಟಿಜಾನ್, ಅವರ ದೇಶದಲ್ಲಿ ಯುದ್ಧ ಅಂತ ಹೆಚ್ಚುಕಮ್ಮಿ ಎಲ್ಲಾ ಹೋಮ್ ಮ್ಯಾಚ್‌ಗಳನ್ನ ಸ್ಪೇನಿನ ಫುಯೆನ್ಲಬ್ರಾದಾ ಅನ್ನೋ ಊರಲ್ಲಿ ಆಡ್ಕೊಂಡು ಬಂದಿದ್ದ ಹುಡುಗ್ರ ಟೀಮು. ಕೋಚ್ 32 ವರ್ಷದ ಜೆಲ್ಕೋ ಒಬ್ರಾಡೊವಿಚ್, ಹಿಂದಿನ ವರ್ಷದ ತನಕ ಆಟಗಾರನೇ ಆಗಿದ್ದವರು. ಕೊನೇ ಹತ್ತು ಸೆಕೆಂಡಿಗೆ ಸ್ವಲ್ಪ ಮುಂಚೆ ತೊಮಾಸ್ ಜೊಫ್ರೇಸಾ ಒಂದು ಬಾಸ್ಕೆಟ್ ಹಾಕಿ ಪೆನ್ಯಾನ 70-68 ಮುಂದೆ ತಂದ. ಬೆಂಚಲ್ಲಿದ್ದವ್ರೆಲ್ಲ ಎದ್ದು ನಿಂತಿದ್ರು, ಅಷ್ಟರಲ್ಲಿ ಬಾಲ್ ಪಾರ್ಟಿಜಾನ್‌ನ ಜಾರ್ಜೆವಿಚ್ ಕೈಗೆ ಹೋಗಿ, ಅವನು ಟೈಮ್‌ಔಟ್ ಕೂಡ ಕಾಯದೆ ಕೋರ್ಟಿನ ಬಲಗಡೆ ಓಡ್ಕೊಂಡು ಬಂದು, ಮೈಮೇಲೆ ಡಿಫೆಂಡರ್ ಇದ್ದ ಹಾಗೇನೇ ತ್ರೀ ಪಾಯಿಂಟರ್ ಹಾರಿಸಿದ, ಒಳಗೆ ಬಿತ್ತು, 71-70, ಕಪ್ ಅವರ ಪಾಲಾಯ್ತು. ಆ ವಿಡಿಯೋ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಪ್ರತೀ ಸಲ ಈ ಸಲನಾದ್ರೂ ಮಿಸ್ ಆಗ್ಲಿ ಅನ್ಸುತ್ತೆ.

ಆಮೇಲೆ ಕ್ಲಬ್ ಮಾಡಿದ ಕೆಲಸ ನೋಡಿ. ತಮ್ಮನ್ನ ಸೋಲಿಸಿದ ಕೋಚ್‌ನೇ 1993ರಲ್ಲಿ ಕರ್ಕೊಂಡು ಬಂದ್ರು. 1994ರಲ್ಲಿ ಟೆಲ್ ಅವೀವ್‌ನಲ್ಲಿ ಸೆಮಿಫೈನಲಲ್ಲಿ ಪಕ್ಕದ ಮನೆಯ ಬಾರ್ಸಿಲೋನಾನ ಹೊಡೆದು, ಫೈನಲಲ್ಲಿ ಒಲಿಂಪಿಯಾಕೋಸ್ ಎದುರು ಕೊನೇ ನಿಮಿಷಗಳಲ್ಲಿ ಹಿಂದೆ ಬಿದ್ದಿದ್ದಾಗ ಡಿಫೆನ್ಸ್ ಹಾಕಿ ಗ್ರೀಕರ ಕೈ ಕಟ್ಟಿ ಹಾಕಿದ್ರು, ಕೊನೇ ಇಪ್ಪತ್ತು ಸೆಕೆಂಡಿನ ಹತ್ರ ಕಾರ್ನಿ ಥಾಂಪ್ಸನ್ ಒಂದು ತ್ರೀ ಹಾಕಿದ, 59-57. ಆ ಕಡೆ ಪಾಸ್ಪಾಲ್ಯ್ ಫ್ರೀ ಥ್ರೋ ಮಿಸ್ ಮಾಡಿದ. ಎರಡು ವರ್ಷ ಹಿಂದೆ ಯಾವ ಥರ ಹೋಗಿತ್ತೋ ಅದೇ ಥರ ಬಂತು. ಆಗ ಟೀಮಿನ ಹೆಸರು ಸೆವೆನ್‌ಅಪ್ ಜುವೆಂತುತ್, ಸ್ಪಾನ್ಸರ್ ಹೆಸರನ್ನೇ ಟೀಮಿಗೆ ಇಡೋದು ಅಲ್ಲಿ ಮಾಮೂಲಿ, ಮೊಂತಿಗಾಲಾ, ಮಾರ್ಬೆಲ್ಲಾ, ಸೆವೆನ್‌ಅಪ್, ಡಿಕೆವಿ ಅಂತ ಹೆಸರು ಬದಲಾಗ್ತಾ ಹೋಗಿರೋದು ನೋಡಿದ್ರೇ ಗೊತ್ತಾಗುತ್ತೆ, ಕೆಲವು ವರ್ಷಕ್ಕೊಮ್ಮೆ ಯಾರಾದ್ರೂ ಹೊಸಬ್ರ ಹತ್ರ ದುಡ್ಡಿಗೆ ಹೋಗ್ಲೇಬೇಕಿತ್ತು ಅಂತ.

ದುಡ್ಡಿನ ವಿಷ್ಯಕ್ಕೆ ಬಂದೆವು, ಇಲ್ಲಿಂದ ಮುಂದೆ ಅದೇ ಮುಖ್ಯ.

ಸ್ಪೇನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ ನಡೆಯೋದು ಹೇಗೆ? ಟಿಕೆಟ್, ಸೀಸನ್ ಪಾಸು, ಸ್ಪಾನ್ಸರ್, ಊರಿನ ಮುನ್ಸಿಪಾಲಿಟಿ ಕೊಡೋ ನೆರವು, ಟಿವಿಯಿಂದ ಬರೋ ಸ್ವಲ್ಪ. ಫುಟ್‌ಬಾಲಿನ ಟಿವಿ ದುಡ್ಡಿನ ಮುಂದೆ ಇದು ಏನೂ ಅಲ್ಲ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಬ್ಯಾಸ್ಕೆಟ್‌ಬಾಲ್ ವಿಭಾಗಗಳು ನಷ್ಟದಲ್ಲೇ ನಡೆದ್ರೂ ಆ ಕೊರತೆನ ಫುಟ್‌ಬಾಲ್ ತುಂಬುತ್ತೆ. ಪೆನ್ಯಾಗೆ ಆ ಅನುಕೂಲ ಇಲ್ಲ. ಹಾಗಾಗಿ ಅವರು ಕಂಡ್ಕೊಂಡಿದ್ದು ಒಂದೇ ದಾರಿ, ಹುಡುಗ್ರನ್ನ ಹನ್ನೆರಡು ಹದಿಮೂರು ವರ್ಷಕ್ಕೇ ಹುಡುಕಿ, ಬೆಳೆಸಿ, ಹದಿನೇಳು ಹದಿನೆಂಟಕ್ಕೆ ದೊಡ್ಡವರ ಟೀಮಲ್ಲಿ ಆಡ್ಸಿ, ಒಂದು ನಾಲ್ಕೈದು ವರ್ಷ ಅವರಿಂದ ಗೆದ್ದು, ಆಮೇಲೆ ದೊಡ್ಡ ಕ್ಲಬ್ ಬಂದು ಕೇಳಿದಾಗ ಬೈಔಟ್, ಅಂದ್ರೆ ಕಾಂಟ್ರಾಕ್ಟ್ ಬಿಡಿಸ್ಕೊಳ್ಳೋಕೆ ಕೊಡೋ ದುಡ್ಡು ತಗೊಂಡು ಕಳಿಸೋದು, ಆ ದುಡ್ಡಲ್ಲಿ ಮುಂದಿನ ಬೆಳೆ ತೆಗೆಯೋದು. ರೌಲ್ ಲೋಪೆಜ್ 2000ದಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದ, 2023ರಲ್ಲಿ ಜೋಯೆಲ್ ಪರ್ರಾ ಬಾರ್ಸಿಲೋನಾಗೆ ಹೋದ. ಊರಿನವ್ರಿಗೆ ಹೊಟ್ಟೆ ಉರಿಯುತ್ತೆ, ಆದ್ರೆ ಲೆಕ್ಕ ಸರಿಹೋಗ್ತಿತ್ತು. ಬಿತ್ತಿದವ್ರಿಗೆ ಪೂರ್ತಿ ಬೆಳೆ ಸಿಗ್ದೇ ಇದ್ರೂ ಬೀಜದ ಖರ್ಚಾದ್ರೂ ಕೈಗೆ ಬರ್ತಿತ್ತು.

ಈ ದಾರಿ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ್ದು ಆಯಿತೋ ಮತ್ತೆ ಬಂದ ಮೇಲೆ, 2003ರಿಂದ 2008ರ ತನಕ. ಮಯ್ಯೋರ್ಕಾ ದ್ವೀಪದಿಂದ ಹುಡುಗನಾಗಿ ಬಂದಿದ್ದ ರೂಡಿ ಫರ್ನಾಂಡೆಸ್, ಬಾದಲೋನಾ ಪಕ್ಕದ ಎಲ್ ಮಸ್ನೋ ಊರಿನ ರಿಕಿ. 2005ರ ಅಕ್ಟೋಬರ್‌ನಲ್ಲಿ ರಿಕಿ ಎಸಿಬಿ, ಅಂದ್ರೆ ಸ್ಪೇನಿನ ಮೇಲಿನ ಲೀಗಲ್ಲಿ ಮೊದಲ ಮ್ಯಾಚ್ ಆಡಿದಾಗ ಅವನಿಗೆ ಹದಿನೈದು ತುಂಬೋಕೆ ಇನ್ನೂ ಕೆಲವು ದಿನ ಬಾಕಿ ಇತ್ತು, ಆ ಲೀಗ್ ಇತಿಹಾಸದಲ್ಲೇ ಅತಿ ಚಿಕ್ಕ ವಯಸ್ಸು. ಮುಂದಿನ ಬೇಸಿಗೆ, 2006, ಲಿನಾರೆಸ್‌ನಲ್ಲಿ 16 ವರ್ಷದೊಳಗಿನವರ ಯೂರೋಪಿಯನ್ ಫೈನಲ್, ಎದುರಿಗೆ ರಷ್ಯಾ. ಸ್ಪೇನ್ ಸೋಲೋ ಹಾಗಿತ್ತು, ಈ ಹುಡುಗ ಅರ್ಧ ಕೋರ್ಟಿಂದ ಬಾಲ್ ಎಸೆದು ಸ್ಕೋರ್ ಸಮ ಮಾಡಿದ, ಓವರ್‌ಟೈಮ್‌ಗೆ ಹೋಯ್ತು, ಗೆದ್ರು. ಆ ಒಂದೇ ಮ್ಯಾಚಲ್ಲಿ ಅವನ ಲೆಕ್ಕ 51 ಪಾಯಿಂಟ್, 24 ರಿಬೌಂಡ್, 12 ಅಸಿಸ್ಟ್, 7 ಸ್ಟೀಲ್. ಓದಿದ್ರೆ ಯಾರೋ ತಪ್ಪು ಬರೆದಿದಾರೆ ಅನ್ಸುತ್ತೆ, ಅಲ್ಲ, ಅಷ್ಟೂ ನಿಜ.

2008 ಅಂತೂ ಪೆನ್ಯಾ ವರ್ಷ. ಫೆಬ್ರವರಿಯಲ್ಲಿ ವಿತೋರಿಯಾದಲ್ಲಿ, ಅಲ್ಲಿನ ಹೋಮ್ ಟೀಮನ್ನೇ ಅವರ ಜನದ ಮುಂದೆ ಸೋಲಿಸಿ ಸ್ಪೇನಿನ ನಾಕೌಟ್ ಕಪ್ ಕೋಪಾ ದೆಲ್ ರೇ ಗೆದ್ರು, ಏಪ್ರಿಲ್‌ನಲ್ಲಿ ಟೂರಿನ್‌ನಲ್ಲಿ ಜಿರೋನಾ ವಿರುದ್ಧ 79-54ರಲ್ಲಿ ಯೂರೋಪಿನ ಎರಡನೇ ಹಂತದ ಯುಲೆಬ್ ಕಪ್. ಎರಡರಲ್ಲೂ ರೂಡಿ ಎಂವಿಪಿ. ಇಲ್ಲಿ ಒಂದು ಮಾತು, ಆ ಫೈನಲ್ ಸೋತ ಜಿರೋನಾ ಕ್ಲಬ್ ಕೆಲವೇ ತಿಂಗಳಲ್ಲಿ ದುಡ್ಡಿಲ್ದೆ ಎಸಿಬಿಯಿಂದಲೇ ಮಾಯ ಆಯ್ತು. ಯೂರೋಪಿಯನ್ ಫೈನಲ್ ಆಡಿದ ಟೀಮು! ಆ ಊರಿಗೆ ಮತ್ತೆ ಮೇಲಿನ ಲೀಗ್ ಕಾಣಬೇಕಾದ್ರೆ ಆಟಗಾರ ಮಾರ್ಕ್ ಗಸೋಲ್ ಹೊಸ ಕ್ಲಬ್ ಕಟ್ಟಿ 2022ರ ತನಕ ಕಾಯ್ಬೇಕಾಯ್ತು. ಸ್ಪೇನಿನ ಬ್ಯಾಸ್ಕೆಟ್‌ಬಾಲ್ ಹೊರಗಿಂದ ನೋಡೋಕೆ ಎಷ್ಟು ಗಟ್ಟಿ ಕಾಣುತ್ತೋ ಒಳಗೆ ಅಷ್ಟೇ ಟೊಳ್ಳು.

ಅದೇ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ ಫೈನಲ್, ಅಮೆರಿಕ 118, ಸ್ಪೇನ್ 107. ಸ್ಪೇನ್ ಕೋಚ್ ಆಯಿತೋ. ಅಮೆರಿಕದ ಡ್ವೈಟ್ ಹೋವರ್ಡ್ ತಲೆ ಮೇಲೆ ಡಂಕ್ ಹೊಡೆದಿದ್ದು ರೂಡಿ. ಹದಿನೇಳನೇ ವಯಸ್ಸಿಗೆ ಒಲಿಂಪಿಕ್ ಫೈನಲ್ ಆಡಿದ್ದು ರಿಕಿ. ಕೆಲವು ತಿಂಗಳ ಹಿಂದೆ ಮೂರೂ ಜನ ಒಂದೇ ಸಣ್ಣ ಕ್ಲಬ್‌ನ ಲಾಕರ್ ರೂಮಲ್ಲಿದ್ರು. ಆ ಬೇಸಿಗೆಯಲ್ಲೇ ರೂಡಿ ಎನ್‌ಬಿಎ ಟೀಮು ಪೋರ್ಟ್‌ಲ್ಯಾಂಡ್‌ಗೆ, ಆಯಿತೋ ಸ್ಪೇನಿನ ಇನ್ನೊಂದು ಕ್ಲಬ್ ಮಾಲಗಾಗೆ ಹೋದ್ರು.

ರಿಕಿ ಹೋಗಿದ್ದು ಅಷ್ಟು ಸುಲಭ ಇರ್ಲಿಲ್ಲ. 2009ರಲ್ಲಿ ಎನ್‌ಬಿಎ ಟೀಮುಗಳು ಹೊಸ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಮಿನೆಸೋಟಾ ಅವನನ್ನ ಐದನೇ ಪಿಕ್ ಮಾಡ್ತು, ಆದ್ರೆ ಕಾಂಟ್ರಾಕ್ಟಲ್ಲಿದ್ದ ಬೈಔಟ್ ಹತ್ತಿರ ಹತ್ತಿರ 60 ಲಕ್ಷ ಡಾಲರ್ ಅಂತ ಆಗ ಪೇಪರಲ್ಲೆಲ್ಲ ಬಂತು. ಎನ್‌ಬಿಎ ನಿಯಮದ ಪ್ರಕಾರ ಟೀಮು ಆಗ ಬೈಔಟ್‌ಗೆ 5 ಲಕ್ಷ ಡಾಲರ್ ತನಕ ಮಾತ್ರ ಸೇರಿಸ್ಬಹುದಿತ್ತು, ಉಳಿದಿದ್ದು ಆಟಗಾರನೇ ಕಟ್ಬೇಕು. ಹದಿನೆಂಟು ವರ್ಷದ ಹುಡುಗ ಅಷ್ಟು ಎಲ್ಲಿಂದ ತರ್ತಾನೆ? ಮಾತು ಕೋರ್ಟ್ ತನಕ ಹೋಯ್ತು, ಮನಸ್ತಾಪ ಆಯ್ತು, ಕೊನೆಗೆ ಬಾರ್ಸಿಲೋನಾ ಸುಮಾರು 35 ಲಕ್ಷ ಯೂರೋ ಕೊಟ್ಟು ಕರ್ಕೊಂಡು ಹೋಯ್ತು. ಆಗ ನಂಗೆ ಕ್ಲಬ್ ಮೇಲೆ ಕೋಪ ಬಂದಿತ್ತು, ಹುಡುಗನ ಕನಸಿಗೆ ಅಡ್ಡ ಬರ್ತಿದಾರಲ್ಲ ಅಂತ. ಈಗ ಹಿಂದೆ ತಿರುಗಿ ನೋಡಿದ್ರೆ ನನ್ನ ಯೋಚನೆ ಬದಲಾಗಿದೆ, ಅವರಿಗೆ ಬೇರೆ ಆಸ್ತಿ ಏನಿತ್ತು? ಹಾಗಂತ ಅಷ್ಟು ಚಿಕ್ಕ ಸಂಬಳದ ಹುಡುಗನ ತಲೆಗೆ ಅಷ್ಟು ದೊಡ್ಡ ಮೊತ್ತ ಕಟ್ಟಿದ್ದು ನ್ಯಾಯ ಅಂತಾನೂ ನಾನು ಹೇಳಲ್ಲ.

ಅದಾದ್ಮೇಲೆ ಇಳಿಜಾರು. ಯೂರೋಪಿನ ಅತಿ ದೊಡ್ಡ ಕ್ಲಬ್ ಲೀಗ್ ಯೂರೋಲೀಗ್‌ನಲ್ಲಿ ಪೆನ್ಯಾ ಕೊನೇ ಸಲ ಆಡಿದ್ದು 2008-09ರಲ್ಲಿ. ಆ ಲೀಗ್ 2016ರಿಂದ ಕೆಲವು ಕ್ಲಬ್‌ಗಳಿಗೆ ದೀರ್ಘಾವಧಿ ಲೈಸನ್ಸ್ ಕೊಟ್ಟು ಬಾಗಿಲು ಹೆಚ್ಚುಕಮ್ಮಿ ಮುಚ್ಚಿಬಿಡ್ತು, ಸ್ಪೇನಿಂದ ಆ ಲೈಸನ್ಸ್ ಸಿಕ್ಕಿದ್ದು ಮ್ಯಾಡ್ರಿಡ್, ಬಾರ್ಸಿಲೋನಾ, ಬಾಸ್ಕೋನಿಯಾ. ಯೂರೋಪ್ ಚಾಂಪಿಯನ್ ಆಗಿದ್ದ ಕ್ಲಬ್‌ಗೆ ಅಲ್ಲಿ ಖಾಯಂ ಜಾಗ ಇಲ್ಲ. ಯೂರೋಲೀಗ್ ಇಲ್ಲ ಅಂದ್ರೆ ದೊಡ್ಡ ಸ್ಪಾನ್ಸರ್ ಇಲ್ಲ, ಒಳ್ಳೇ ಆಟಗಾರ ಉಳಿಯಲ್ಲ, ಆಟಗಾರ ಇಲ್ಲ ಅಂದ್ರೆ ಮತ್ತೆ ಯೂರೋಲೀಗ್ ಇಲ್ಲ. ಸಾಲ ಬೆಳೀತಾ ಹೋಗಿ 2018ರಲ್ಲಿ ಕ್ಲಬ್ಬೇ ಮುಚ್ಚೋ ಹಂತಕ್ಕೆ ಬಂತು. ಆಗ ಗ್ರಿಫೋಲ್ಸ್ ಔಷಧ ಕಂಪನಿಯ ಕುಟುಂಬಕ್ಕೆ ಹತ್ತಿರದ ಸ್ಕ್ರಾಂಟನ್ ಅನ್ನೋ ಹೂಡಿಕೆ ಸಂಸ್ಥೆ ಬಂಡವಾಳ ಹಾಕಿ ದೊಡ್ಡ ಪಾಲು ತಗೊಳ್ತು, ಹಾಗಾಗಿ ಜೀವ ಉಳೀತು. ವಿಲ್ಯಾಕಂಪಾ ನಂತರ ಅಧ್ಯಕ್ಷ ಆದ ಹುವಾನ್ ಆಂತೋನಿಯೋ ಮೊರಾಲೆಸ್ ಕೂಡ 1994ರ ಟೀಮಿನವರೇ.

ಆಡೋ ಜಾಗ ನೋಡಿದ್ರೂ ಈ ಸಂಕಟ ಕಾಣುತ್ತೆ. ಪಲಾವ್ ಒಲಿಂಪಿಕ್ ಅನ್ನೋದು 1992ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣ, ಜೋರ್ಡನ್, ಮ್ಯಾಜಿಕ್, ಬರ್ಡ್ ಇದ್ದ ಅಮೆರಿಕದ ಡ್ರೀಮ್ ಟೀಮ್ ಕ್ರೊಯೇಷಿಯಾನ 117-85ರಲ್ಲಿ ಸೋಲಿಸಿ ಚಿನ್ನ ಗೆದ್ದಿದ್ದು ಇದೇ ನೆಲದ ಮೇಲೆ. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತೆ. ಇಲ್ಲಿ ನಾವು ಮಧ್ಯರಾತ್ರಿ ಎದ್ದು ಕೂತು ಮ್ಯಾಚ್ ನೋಡುವಾಗ ಕ್ಯಾಮೆರಾ ಮೇಲಕ್ಕೆ ಹೋದ್ರೆ ಖಾಲಿ ಸೀಟುಗಳು ಸಾಲುಸಾಲಾಗಿ ಕಾಣ್ತವೆ, ಕೆಳಗೆ ಹಸಿರು ಕಪ್ಪು ಸ್ಕಾರ್ಫ್ ಹಾಕ್ಕೊಂಡವ್ರು ಮಾತ್ರ ಗಂಟಲು ಹರ್ಕೊಳ್ತಾ ಇರ್ತಾರೆ.

ಈಗ ಕಾಲೇಜು ವಿಷ್ಯ. 2021ರ ಜುಲೈ ತನಕ ಅಮೆರಿಕದ ಕಾಲೇಜು ಆಟಗಾರರು ದುಡ್ಡು ಮುಟ್ಟೋ ಹಾಗಿರ್ಲಿಲ್ಲ, ಫೀಸು ಹಾಸ್ಟೆಲ್ಲು ಅಷ್ಟೇ. ಆಮೇಲೆ ತಮ್ಮ ಹೆಸರು, ಮುಖ ಬಳಸ್ಕೊಂಡು ಜಾಹೀರಾತು ಅಂತ ಸಂಪಾದ್ನೆ ಮಾಡ್ಬಹುದು ಅಂತ ಆಯ್ತು. 2025ರ ಜೂನ್‌ನಲ್ಲಿ ಒಂದು ಕೋರ್ಟ್ ಒಪ್ಪಂದ ಆಗಿ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡ್ಬಹುದು ಅಂತ ಆಯ್ತು, ಒಂದು ಕಾಲೇಜು ಎಲ್ಲಾ ಆಟಗಳಿಗೂ ಸೇರಿ ಮೊದಲ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ. ಇದ್ರ ಜೊತೆ ಹೊರಗಿನ ಜಾಹೀರಾತು ದುಡ್ಡು ಬೇರೆ. ಜೊತೆಗೆ, ಯೂರೋಪಲ್ಲಿ ಪ್ರೊಫೆಷನಲ್ ಟೀಮಲ್ಲಿ ಆಡಿದವ್ರನ್ನ ಮುಂಚೆ ಹತ್ರಕ್ಕೂ ಸೇರಿಸ್ತಿರ್ಲಿಲ್ಲ, ಆ ಬಿಗಿ ಕೂಡ ಸಡಿಲ ಆಯ್ತು. ಸ್ಟೂಡೆಂಟ್ ವೀಸಾದಲ್ಲಿ ಇರೋರು ಅಲ್ಲಿ ದುಡಿಯೋ ಹಾಗಿಲ್ಲ ಅನ್ನೋ ತೊಡಕು ಇದೆ, ಅದಕ್ಕೂ ದಾರಿ ಹುಡುಕ್ಕೊಂಡಿದಾರೆ.

ಯಾರ್ಯಾರು ಯಾವ ಕಾಲೇಜಿಗೆ ಹೋದ್ರು ನೋಡಿ. 2023ರಲ್ಲಿ ಜರಗೋಜಾದಿಂದ ಆದಾಯ್ ಮಾರಾ ಯುಸಿಎಲ್‌ಎಗೆ. 2024ರಲ್ಲಿ ರಿಯಲ್ ಮ್ಯಾಡ್ರಿಡ್‌ನಲ್ಲಿ ಬೆಳೆದ ಯೆಗೋರ್ ದ್ಯೋಮಿನ್ ಬ್ರಿಗಮ್ ಯಂಗ್‌ಗೆ, ಒಂದೇ ವರ್ಷ ಆಡಿ 2025ರ ಡ್ರಾಫ್ಟಲ್ಲಿ ಎಂಟನೇ ಪಿಕ್. 2025ರಲ್ಲಿ ಮಾಲಗಾದಿಂದ ಮಾರಿಯೋ ಸೇಂಟ್-ಸುಪೇರಿ ಗೊಂಜಾಗಾಗೆ, ಬಾರ್ಸಿಲೋನಾದಿಂದ ದಾಮೆ ಸಾರ್ ಡ್ಯೂಕ್‌ಗೆ. ಮ್ಯಾಡ್ರಿಡ್, ಬಾರ್ಸಿಲೋನಾದಂಥವ್ರ ಕೈಯಿಂದಾನೇ ಹೀಗೆ ಜಾರಿ ಹೋಗ್ತಿದಾರೆ ಅಂದ್ಮೇಲೆ ಮಧ್ಯಮ ಕ್ಲಬ್‌ಗಳ ಪಾಡು ಯೋಚಿಸಿ.

ನನ್ನ ವಾದ ಇಷ್ಟೇ. ಹುಡುಗ್ರು ಬಿಟ್ಟು ಹೋಗೋದು ಪೆನ್ಯಾಗೆ ಹೊಸದಲ್ಲ, ತೊಂಬತ್ತು ವರ್ಷದಿಂದ ಅದನ್ನ ನುಂಗ್ಕೊಂಡೇ ಬಂದಿದೆ. ಬದಲಾಗಿರೋದು ಎರಡು ವಿಷ್ಯ. ಮುಂಚೆ ಅವರು ಹೋಗ್ತಿದ್ದಿದ್ದು ಊರಿಗೆ ಒಂದೆರಡು ಕಪ್ ತಂದ್ಕೊಟ್ಟು, ಈಗ ದೊಡ್ಡವರ ಟೀಮಲ್ಲಿ ಸರಿಯಾಗಿ ಆಡೋಕೂ ಮುಂಚೆ. ಮುಂಚೆ ಹೋಗುವಾಗ ಬೈಔಟ್ ಬರ್ತಿತ್ತು, ಈಗ ಕಾಲೇಜು ತರಬೇತಿ ಖರ್ಚಿಗೆ ಅಂತ ಕ್ಲಬ್‌ಗೆ ಒಂದು ಪೈಸೆ ಕೊಡ್ಬೇಕು ಅನ್ನೋ ನಿಯಮಾನೇ ಇಲ್ಲ. ಫುಟ್‌ಬಾಲಲ್ಲಿ ಆಟಗಾರ ಕೈ ಬದಲಾದಾಗ ಬೆಳೆಸಿದ ಕ್ಲಬ್‌ಗೆ ಒಂದು ಪಾಲು ಹೋಗುತ್ತೆ ಅಂತ ಫಿಫಾ ಕಾನೂನೇ ಇದೆ. ಇಲ್ಲಿ ಕಾಂಟ್ರಾಕ್ಟ್ ಇನ್ನೂ ಇದ್ರೆ ಕೂತು ಮಾತಾಡಿ ಏನೋ ಸ್ವಲ್ಪ ಬಿಡಿಸ್ಕೊಳ್ಬಹುದು, ಕಾಂಟ್ರಾಕ್ಟ್ ಮುಗಿದಿದ್ರೆ ಕೈ ಬೀಸ್ಕೊಂಡು ಹೋಗ್ತಾನೆ.

ಹುಡುಗ್ರನ್ನ ಬೈಯೋರನ್ನ ಕಂಡ್ರೆ ನಂಗಾಗಲ್ಲ. ಬೆಂಚಲ್ಲಿ ಕೂತು ವಾರಕ್ಕೆ ನಾಲ್ಕು ನಿಮಿಷ ಆಡೋ ಹುಡುಗನಿಗೆ ಒಂದು ಕಡೆ ಕಡಿಮೆ ಸಂಬಳ, ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಪ್ರತೀ ಮ್ಯಾಚ್ ಆಟ, ಡಿಗ್ರಿ ಬೇರೆ. ಅವರಪ್ಪ ಅಮ್ಮ ಏನು ಹೇಳ್ಬೇಕು? ತಪ್ಪು ಸ್ಪೇನಿನ ಲೀಗಿಂದೂ ಇದೆ, ಹೊರಗಿಂದ ಅನುಭವಿ ಆಟಗಾರರನ್ನ ತಂದು ತುಂಬ್ಕೊಂಡು ಇವರಿಗೆ ಆಟದ ನಿಮಿಷಾನೇ ಕೊಡ್ಲಿಲ್ಲ. 2025-26ರಿಂದ 22 ವರ್ಷದೊಳಗಿನವ್ರಿಗೆ ಅಂತ ಪ್ರತ್ಯೇಕ ಲೀಗ್ ಶುರು ಮಾಡಿದಾರೆ, ಒಳ್ಳೇದೇ, ಆದ್ರೆ ಅಲ್ಲಿ ಆಡೋಕೆ ಸಿಗೋದು ಬೇರೆ, ಅಮೆರಿಕದ ಸಂಬಳಕ್ಕೆ ಎದುರು ನಿಲ್ಲೋದು ಬೇರೆ. ನನ್ನ ಕೇಳಿದ್ರೆ ಬ್ಯಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಅಮೆರಿಕದ ಕಾಲೇಜುಗಳ ಜೊತೆ ಕೂತು, ಹುಡುಗ ಎಷ್ಟು ವರ್ಷ ಯಾವ ಕ್ಲಬ್‌ನಲ್ಲಿ ಬೆಳೆದ ಅನ್ನೋ ಲೆಕ್ಕದ ಮೇಲೆ ಒಂದು ಪರಿಹಾರ ಗೊತ್ತು ಮಾಡ್ಬೇಕು, ಅದು ಹುಡುಗನ ಜೇಬಿಂದ ಅಲ್ಲ, ಕರ್ಕೊಂಡು ಹೋಗೋರ ಜೇಬಿಂದ. 2009ರಲ್ಲಿ ರಿಕಿ ಮೇಲೆ ಬಿದ್ದ ಭಾರ ಇನ್ನೊಬ್ಬ ಹುಡುಗನ ಮೇಲೆ ಬೀಳ್ಬಾರ್ದು. ಈಗ ಎನ್‌ಬಿಎ ಕೂಡ ಯೂರೋಪಲ್ಲಿ ತನ್ನದೇ ಲೀಗ್ ಮಾಡೋಕೆ ಫಿಬಾ ಜೊತೆ ಮಾತಾಡ್ತಿದೆ, ಅಂದ್ರೆ ಅಮೆರಿಕ, ಯೂರೋಪ್ ಎರಡೂ ಕಡೆಯ ಬ್ಯಾಸ್ಕೆಟ್‌ಬಾಲ್‌ನವ್ರು ಒಂದೇ ಮೇಜಿನ ಮುಂದೆ ಕೂರ್ತಿದಾರೆ, ಆ ಮೇಜಿನ ಮೇಲೆ ಈ ವಿಷ್ಯ ಇಡೋಕೆ ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ. ದೊಡ್ಡ ಊರು, ದೊಡ್ಡ ಹೆಸರು ಅಂತಷ್ಟೇ ಯೋಚಿಸಿ ಕೂತ್ರೆ ಬಾದಲೋನಾದಂಥ ಊರುಗಳು ಮತ್ತೆ ಬಾಗಿಲ ಹೊರಗೇ.

ರಿಕಿ ಊರು ಎಲ್ ಮಸ್ನೋದಿಂದ ಬಾದಲೋನಾಗೆ ಸಮುದ್ರದ ಪಕ್ಕದಲ್ಲೇ ಲೋಕಲ್ ಟ್ರೈನು, ಕೆಲವೇ ನಿಮಿಷದ ದಾರಿ. ಮೂವತ್ತೈದರ ಹೊಸ್ತಿಲಲ್ಲಿ ಅದೇ ಕ್ಲಬ್‌ಗೆ ಅವನು ಬಂದಾಗ ಬೈಔಟ್ ಅಂತ ಯಾರೂ ಯಾರಿಗೂ ಏನೂ ಕಟ್ಟೋ ಹಾಗಿರ್ಲಿಲ್ಲ, ಬಂದು ಹಸಿರು ಕಪ್ಪು ಜರ್ಸಿ ಹಾಕ್ಕೊಂಡ, ಅಷ್ಟೇ.